ಊದದ ಶಿಳ್ಳೆಗೆ ನಾಲ್ಕು ಕೋಟಿ ದಂಡ

ಕುಂಬ್ಡಾಜೆ: ಗಡಿನಾಡಿನ ಫುಟ್ಬಾಲ್ ಅಭಿಮಾನಿಗೆ ಪಕ್ಷ ಹಿಡಿಯುವುದು ಅಷ್ಟು ಸುಲಭವಲ್ಲ. ರೇಶನ್ ಕಾರ್ಡು ಕೇರಳದ್ದು, ಕಲಿತ ಶಾಲೆ ಕನ್ನಡದ್ದು, ಪೇಟೆಯಲ್ಲಿ ಆಡುವ ಮಾತು ಅರ್ಧ ಮಲಯಾಳ, ಅರ್ಧ ತುಳು. ಮಾರ್ಪನಡ್ಕ, ಅಗಲ್ಪಾಡಿ, ಏತಡ್ಕದ ಕಡೆ ಒಂದೇ ಮನೆಯಲ್ಲಿ ಅಣ್ಣ ಕೇರಳ ಬ್ಲಾಸ್ಟರ್ಸ್‌ನ ಹಳದಿ ಅಂಗಿ, ತಮ್ಮ ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ತೊಟ್ಟರೆ ಯಾರೂ ಆಶ್ಚರ್ಯಪಡುವುದಿಲ್ಲ. ಆದರೆ ಈ ಎರಡು ತಂಡಗಳ ನಡುವೆ 2023ರಲ್ಲಿ ಎದ್ದ ಒಂದು ತಕರಾರು ಮಾತ್ರ ಇನ್ನೂ ತಣ್ಣಗಾಗಿಲ್ಲ. ಇಂಡಿಯನ್ ಸೂಪರ್ ಲೀಗಿನಲ್ಲಿ ಯಾವ ರೆಫ್ರಿ ಎಲ್ಲಿ ತಪ್ಪು ಮಾಡಿದರೂ ಮಾತು ತಿರುಗಿ ಅಲ್ಲಿಗೇ ಬರುತ್ತದೆ.

2023ರ ಮಾರ್ಚ್ 3. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ. ಸೋತವರು ಮನೆಗೆ ಹೋಗಬೇಕಾದ ನಾಕೌಟ್ ಪಂದ್ಯ. 90 ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಅವಧಿಯ 96ನೇ ನಿಮಿಷದಲ್ಲಿ ಬೆಂಗಳೂರಿಗೆ ಪೆನಾಲ್ಟಿ ಬಾಕ್ಸಿನ ಹೊರಗೆ ಒಂದು ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಆಟಗಾರರು ಗೋಡೆ ಕಟ್ಟುವ ಏರ್ಪಾಡಿನಲ್ಲಿದ್ದರು, ಗೋಲ್‌ಕೀಪರ್ ಇನ್ನೂ ತಯಾರಾಗಿರಲಿಲ್ಲ. ಅಷ್ಟರಲ್ಲಿ ಸುನಿಲ್ ಛೇಟ್ರಿ ಚೆಂಡನ್ನು ಬಲೆಗೆ ಕಳಿಸಿಯಾಗಿತ್ತು. ರೆಫ್ರಿ ಕ್ರಿಸ್ಟಲ್ ಜಾನ್ ಗೋಲೆಂದು ಸಾರಿದರು. ಶಿಳ್ಳೆ ಊದಲೇ ಇಲ್ಲವಲ್ಲ ಎಂದು ಬ್ಲಾಸ್ಟರ್ಸ್ ವಾದ ಮಾಡಿತು. ಕೊನೆಗೆ ತರಬೇತುದಾರ ಇವಾನ್ ವುಕೊಮಾನೊವಿಚ್ ತನ್ನ ಹುಡುಗರನ್ನು ಕರೆದುಕೊಂಡು ಮೈದಾನದಿಂದಲೇ ಹೊರಟುಬಿಟ್ಟರು. ಕಾದು ನೋಡಿದ ಮೇಲೆ ಬೆಂಗಳೂರು 1-0ರಿಂದ ಗೆದ್ದಿತೆಂದು ಘೋಷಣೆಯಾಯಿತು.

ನಿಯಮ ಏನು ಹೇಳುತ್ತದೆ? ಫುಟ್ಬಾಲಿನ ನಿಯಮ ಪುಸ್ತಕದ ಪ್ರಕಾರ ಫ್ರೀ ಕಿಕ್ಕಿಗೆ ಪ್ರತಿ ಸಲವೂ ಶಿಳ್ಳೆ ಬೇಕಾಗಿಲ್ಲ. ಫೌಲ್ ಅನುಭವಿಸಿದ ತಂಡಕ್ಕೆ ಆಟವನ್ನು ಬೇಗ ಮುಂದುವರಿಸುವ ಹಕ್ಕು ಇದೆ. ಎದುರಾಳಿ 9.15 ಮೀಟರ್ ದೂರ ನಿಲ್ಲುವವರೆಗೆ ಕಾಯಬೇಕೆಂದೂ ಇಲ್ಲ. ಕಾಯುತ್ತೇನೆಂದು ಆಟಗಾರ ಕೇಳಿಕೊಂಡರೆ, ಅಥವಾ ರೆಫ್ರಿ ತಾನಾಗಿ ಗೋಡೆಯನ್ನು ಹಿಂದೆ ಸರಿಸಲು ಹೊರಟರೆ, ಆಗ ಮಾತ್ರ ಶಿಳ್ಳೆಯ ನಂತರವೇ ಒದೆಯಬೇಕು. ಅಂದರೆ ಇಡೀ ಜಗಳ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಆ ಕೆಲವು ಸೆಕೆಂಡುಗಳಲ್ಲಿ ರೆಫ್ರಿ ಗೋಡೆಯ ಕೆಲಸ ಶುರು ಮಾಡಿದ್ದರೋ ಇಲ್ಲವೋ? ಬೆಂಗಳೂರಿನವರಿಗೆ ಇಲ್ಲವೆಂದು ಕಂಡಿತು, ಕೊಚ್ಚಿಯವರಿಗೆ ಹೌದೆಂದು ಕಂಡಿತು. ಎರಡೂ ಭಾಷೆಯ ಪತ್ರಿಕೆ ಓದುವ ನಮ್ಮ ಊರಿನವರಿಗೆ ಮಾತ್ರ ಎರಡೂ ಕಂಡಿತು.

ಪಂದ್ಯವನ್ನು ಮತ್ತೆ ಆಡಿಸಬೇಕೆಂಬ ಬ್ಲಾಸ್ಟರ್ಸ್ ಬೇಡಿಕೆಯನ್ನು ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ನಿನ ಶಿಸ್ತು ಸಮಿತಿ ಒಪ್ಪಲಿಲ್ಲ. ಮಾರ್ಚ್ 31ರಂದು ಶಿಕ್ಷೆ ಹೊರಬಿತ್ತು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಜತೆಗೆ ಬಹಿರಂಗ ಕ್ಷಮೆ. ಕ್ಷಮೆ ಕೇಳದಿದ್ದರೆ ದಂಡ 6 ಕೋಟಿ. ತರಬೇತುದಾರರಿಗೆ 10 ಪಂದ್ಯಗಳ ನಿಷೇಧ, 5 ಲಕ್ಷ ದಂಡ. ಕ್ಷಮೆ ಕೇಳದಿದ್ದರೆ 10 ಲಕ್ಷ. ಕ್ಲಬ್ಬು ಕ್ಷಮೆ ಕೇಳಿತು. ಮೇಲ್ಮನವಿಯೂ ಫೆಡರೇಶನ್ನಿನ ಸಮಿತಿಯಲ್ಲಿ ತಿರಸ್ಕೃತವಾಯಿತು. ವುಕೊಮಾನೊವಿಚ್ ಮತ್ತೆ ತಂಡದ ಬೆಂಚಿಗೆ ಬಂದದ್ದು 2023ರ ಅಕ್ಟೋಬರ್ 27ರಂದು, ಕೊಚ್ಚಿಯಲ್ಲಿ ಒಡಿಶಾ ವಿರುದ್ಧ. ಅಂದು ಬ್ಲಾಸ್ಟರ್ಸ್ 2-1ರಿಂದ ಗೆದ್ದಿತು. ಕ್ರೀಡಾಂಗಣದ ಸ್ವಾಗತ ನೋಡಿದರೆ ಅವರು ಶಿಕ್ಷೆ ಮುಗಿಸಿ ಬಂದವರಂತೆ ಅಲ್ಲ, ಯುದ್ಧ ಗೆದ್ದು ಬಂದವರಂತೆ ಇತ್ತು.

ಮೈದಾನ ಬಿಟ್ಟು ಹೋದದ್ದು ಸರಿ ಎಂದು ಯಾರೂ ಹೇಳಲಾರರು. ತೀರ್ಪು ಹಿಡಿಸದವರೆಲ್ಲ ಎದ್ದು ಹೋಗುವುದಾದರೆ ಪಂದ್ಯಾಟವೇ ನಡೆಯದು. ಟಿಕೇಟು ಕೊಟ್ಟು ಬಂದವನಿಗೂ ಅದು ಮೋಸವೇ. ಆದರೆ ಅಭಿಮಾನಿಗಳ ಸಿಟ್ಟು ಬರೀ ದಂಡದ ಮೊತ್ತದ ಮೇಲೆ ಅಲ್ಲ. ಓಡಿಹೋದವನ ತಪ್ಪಿಗೆ ರೂಪಾಯಿ ಲೆಕ್ಕದಲ್ಲಿ ಬೆಲೆ ಕಟ್ಟಲಾಯಿತು, ಆದರೆ ಆ ಫ್ರೀ ಕಿಕ್ಕಿನ ಹೊತ್ತಿನಲ್ಲಿ ರೆಫ್ರಿಯ ಮನಸ್ಸಿನಲ್ಲಿ ಏನಿತ್ತು, ಆಟಗಾರರಿಗೆ ಅವರು ಏನು ಹೇಳಿದರು ಎಂಬುದನ್ನು ಸಾಮಾನ್ಯ ಪ್ರೇಕ್ಷಕನಿಗೆ ಅದೇ ರಾತ್ರಿ ಹೇಳುವ ವ್ಯವಸ್ಥೆ ಇರಲಿಲ್ಲ. ಅಂದೇ ಎರಡು ಮಾತು ಹೇಳಿದ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ಇನ್ನು ದಂಡದ ಅಳತೆಗೋಲು. ಹಳೆಯ ಪ್ರಕರಣಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಅಳತೆಗೋಲು ರಬ್ಬರಿನದ್ದೋ ಎಂಬ ಸಂಶಯ ಬರುತ್ತದೆ. 2012ರ ಡಿಸೆಂಬರ್ 9ರಂದು ಕೋಲ್ಕತ್ತಾದ ಡರ್ಬಿಯಲ್ಲಿ ಗ್ಯಾಲರಿಯಿಂದ ಬಂದ ಕಲ್ಲು ಆಟಗಾರ ರಹೀಂ ನಬಿಗೆ ತಾಗಿತು. ವಿರಾಮದ ನಂತರ ಮೋಹನ್ ಬಗಾನ್ ಮೈದಾನಕ್ಕೆ ಇಳಿಯಲಿಲ್ಲ. ಮೊದಲು ಐ-ಲೀಗಿನಿಂದ ಎರಡು ವರ್ಷ ನಿಷೇಧ ಎಂದರು. ಮೂರು ವಾರ ಕಳೆಯುವುದರೊಳಗೆ, 2013ರ ಜನವರಿಯಲ್ಲಿ, ನಿಷೇಧ ಹೋಗಿ 2 ಕೋಟಿ ದಂಡ ಮತ್ತು ಅಂಕ ಕಡಿತ ಬಂತು. 2015ರ ಸೂಪರ್ ಲೀಗ್ ಫೈನಲ್ ಮುಗಿದ ಮೇಲೆ ನಡೆದ ಗಲಾಟೆಗೆ ಎಫ್‌ಸಿ ಗೋವಾಕ್ಕೆ 11 ಕೋಟಿ ದಂಡ, 15 ಅಂಕ ಕಡಿತ ಎಂದಾಯಿತು. ನಂತರ ಅಂಕ ಕಡಿತ ರದ್ದಾಯಿತು, ದಂಡವೂ ಇಳಿಯಿತು. ಹೀಗೆ ಮೊದಲು ಆಕಾಶಕ್ಕೆ ಏರಿಸಿ ಆಮೇಲೆ ಚರ್ಚೆ ಮಾಡಿ ಇಳಿಸುವುದು ಮೀನು ಮಾರ್ಕೆಟಿನಲ್ಲಿ ನಡೆಯುತ್ತದೆ, ಅಲ್ಲಿ ಅದಕ್ಕೆ ಒಂದು ಅರ್ಥವೂ ಇದೆ. ನ್ಯಾಯದ ಪೀಠದಲ್ಲಿ ನಡೆದರೆ ನೋಡುವವನಿಗೆ ಶಿಕ್ಷೆಯ ಮೇಲೂ ನಂಬಿಕೆ ಹೋಗುತ್ತದೆ, ರಿಯಾಯಿತಿಯ ಮೇಲೂ ಹೋಗುತ್ತದೆ.

ಬೆಂಗಳೂರಿನವರ ನಗು ಬಹಳ ದಿನ ಉಳಿಯಲಿಲ್ಲ. ಕಂಠೀರವದ ಗಲಾಟೆಯಾಗಿ ಹದಿನೈದೇ ದಿನ. ಮಾರ್ಚ್ 18ರಂದು ಗೋವಾದ ಫಟೋರ್ಡಾದಲ್ಲಿ ಎಟಿಕೆ ಮೋಹನ್ ಬಗಾನ್ ವಿರುದ್ಧ ಫೈನಲ್. ನಿಗದಿತ ಅವಧಿಯಲ್ಲಿ ಬಿದ್ದ ನಾಲ್ಕು ಗೋಲುಗಳಲ್ಲಿ ಮೂರು ಪೆನಾಲ್ಟಿಯಿಂದಲೇ ಬಂದವು. ಬಗಾನಿಗೆ ಪೆಟ್ರಾಟೋಸ್ ಎರಡು, ಬೆಂಗಳೂರಿಗೆ ಛೇಟ್ರಿ ಒಂದು. ಅದರಲ್ಲೂ 85ನೇ ನಿಮಿಷದಲ್ಲಿ ಬಗಾನಿಗೆ ಸಿಕ್ಕಿದ ಪೆನಾಲ್ಟಿ ವಿವಾದಕ್ಕೆ ಕಾರಣವಾಯಿತು; ಫೌಲ್ ನಡೆದದ್ದು ಬಾಕ್ಸಿನ ಹೊರಗೆ ಎಂಬುದು ಬೆಂಗಳೂರು ಅಭಿಮಾನಿಗಳ ದೂರು. ಪಂದ್ಯ 2-2ಕ್ಕೆ ನಿಂತು, ಶೂಟೌಟಿನಲ್ಲಿ 4-3ರಿಂದ ಬಗಾನ್ ಗೆದ್ದಿತು. ಬೆಂಗಳೂರು ಕ್ಲಬ್ಬಿನ ಮಾಲಕ ಪಾರ್ಥ್ ಜಿಂದಾಲ್, ಲೀಗಿಗೆ ವಿಎಆರ್ ಬೇಕೇ ಬೇಕು, ಇಂತಹ ತೀರ್ಪುಗಳು ದೊಡ್ಡ ಪಂದ್ಯವನ್ನು ಕೆಡಿಸುತ್ತವೆ ಎಂದು ಬಹಿರಂಗವಾಗಿಯೇ ಹೇಳಿದರು. ಎರಡು ವಾರ ಮೊದಲು ಇದೇ ಮಾತನ್ನು ಕೊಚ್ಚಿಯವರು ಹೇಳುವಾಗ ಬೆಂಗಳೂರಿನ ಕಡೆಯಿಂದ ಅಷ್ಟು ಜೋರು ಸ್ವರ ಕೇಳಿರಲಿಲ್ಲ! ಮನೆಯಲ್ಲಿ ಹಳದಿ ಅಣ್ಣ, ನೀಲಿ ತಮ್ಮ ಇಬ್ಬರೂ ಮೊದಲ ಸಲ ಒಂದೇ ಮಾತಿಗೆ ತಲೆ ಆಡಿಸಿದ್ದು ಆಗಲೇ ಇರಬೇಕು.

ವಿಎಆರ್ ಎಂದರೆ ವಿಡಿಯೊ ನೋಡಿ ರೆಫ್ರಿಗೆ ನೆರವಾಗುವ ವ್ಯವಸ್ಥೆ. ವಿಶ್ವಕಪ್ಪಿನಲ್ಲಿ ಅದು ಮೊದಲು ಬಂದದ್ದು 2018ರಲ್ಲಿ, ರಷ್ಯಾದಲ್ಲಿ. ನಮ್ಮ ಫೆಡರೇಶನ್ ಅಧ್ಯಕ್ಷ ಕಲ್ಯಾಣ್ ಚೌಬೆ 2023ರಲ್ಲಿ ಕಡಿಮೆ ಖರ್ಚಿನ 'ವಿಎಆರ್ ಲೈಟ್' ತರುವ ಮಾತಾಡಿದರು. 2024-25ರ ಸೀಸನ್ ಮುಗಿದರೂ ಲೀಗಿಗೆ ವಿಎಆರ್ ಬರಲಿಲ್ಲ. 2025ರ ಜುಲೈಯಲ್ಲಿ ಹೊಸ ಸೀಸನ್ನನ್ನೇ ತಡೆಹಿಡಿಯುವ ಸ್ಥಿತಿ ಬಂತು, ಏಕೆಂದರೆ ಲೀಗ್ ನಡೆಸುವ ಕಂಪೆನಿ ಮತ್ತು ಫೆಡರೇಶನ್ ನಡುವಿನ ಕರಾರು ಮುಂದಕ್ಕೆ ಹೇಗೆಂಬುದೇ ತೀರ್ಮಾನವಾಗಿರಲಿಲ್ಲ. ಮನೆಯ ಮಾಡು ಸೋರುವಾಗ ಕೆಮರಾ ಯಾರು ಕೊಳ್ಳುತ್ತಾರೆ?

ಕೆಮರಾ ಇಲ್ಲದ ನಷ್ಟ ಕ್ಲಬ್ಬುಗಳಿಗೆ ಮಾತ್ರವಲ್ಲ, ದೇಶಕ್ಕೂ ತಟ್ಟಿತು. 2024ರ ಜೂನ್ 11, ದೋಹಾ. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಛಾಂಗ್ಟೆಯ ಗೋಲಿನಿಂದ ಭಾರತ ಕತಾರಿನ ಎದುರು ಮುಂದಿತ್ತು. ಗೆದ್ದಿದ್ದರೆ ಮುಂದಿನ ಸುತ್ತು ಖಂಡಿತ. 73ನೇ ನಿಮಿಷದಲ್ಲಿ ಚೆಂಡು ಗೋಲಿನ ಪಕ್ಕದಲ್ಲಿ ಗೆರೆ ದಾಟಿ ಹೊರಗೆ ಹೋಯಿತು. ಕತಾರಿನವರು ಅದನ್ನು ಒಳಗೆ ಎಳೆದು ಗೋಲು ಹೊಡೆದರು, ರೆಫ್ರಿ ಗೋಲು ಕೊಟ್ಟರು. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. ಟಿವಿಯಲ್ಲಿ ಲೋಕವೆಲ್ಲ ನೋಡಿತು, ನೋಡಬೇಕಾದವರಿಗೆ ಮಾತ್ರ ನೋಡುವ ದಾರಿ ಇರಲಿಲ್ಲ. ಭಾರತ 2-1ರಿಂದ ಸೋತು ಹೊರಬಿತ್ತು. ಭಾರತೀಯ ಆಟಗಾರರು ಮೈದಾನ ಬಿಟ್ಟು ಹೋಗಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಫೆಡರೇಶನ್ ದೂರು ಕೊಟ್ಟಿತು, ಫಲಿತಾಂಶ ಬದಲಾಗಲಿಲ್ಲ. ಬೆಂಗಳೂರಿನಲ್ಲಿ ರೆಫ್ರಿಯ ತೀರ್ಪನ್ನು ಪ್ರಶ್ನಿಸಿದವರಿಗೆ ಕೋಟಿಗಟ್ಟಲೆ ದಂಡ ಹಾಕಿದ ಅದೇ ಫೆಡರೇಶನ್ನಿಗೆ ದೋಹಾದಲ್ಲಿ ತೀರ್ಪಿನ ಎದುರು ಕೈಕಟ್ಟಿ ನಿಲ್ಲುವುದು ಹೇಗಿರುತ್ತದೆಂದು ತಿಳಿದಿರಬಹುದು.

ಹಾಗೆಂದು ಕೆಮರಾ ಬಂದರೆ ಎಲ್ಲ ಸರಿಯಾಗುತ್ತದೆ ಎಂದು ತಿಳಿಯಬಾರದು. 2018ರ ವಿಶ್ವಕಪ್ಪಿನಲ್ಲಿ 29 ಪೆನಾಲ್ಟಿಗಳು ಬಿದ್ದವು, ಅದು ದಾಖಲೆ. ಮೊದಲು ಯಾರ ಕಣ್ಣಿಗೂ ಬೀಳದ ಕೈ ತಾಗಿದ್ದು, ಅಂಗಿ ಎಳೆದದ್ದು ಎಲ್ಲ ಕೆಮರಾದಲ್ಲಿ ದೊಡ್ಡದಾಗಿ ಕಾಣತೊಡಗಿತು. ಪೆನಾಲ್ಟಿ ಹೆಚ್ಚಾಯಿತೆಂಬ ದೂರಿಗೆ ಕೆಮರಾ ಪರಿಹಾರವಲ್ಲ, ಕೆಲವೊಮ್ಮೆ ಅದೇ ಕಾರಣ. ಈಗ ಫಿಫಾ ಇನ್ನೊಂದು ದಾರಿ ಪ್ರಯೋಗಿಸಿದೆ. 2024ರಲ್ಲಿ ಕೊಲಂಬಿಯಾದ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್ಪಿನಲ್ಲಿ, ಪ್ರತ್ಯೇಕ ವಿಡಿಯೊ ರೆಫ್ರಿ ಇಲ್ಲದೆ, ಪ್ರತಿ ತಂಡದ ಕೋಚಿಗೆ ಎರಡು ಸಲ ಮರುಪರಿಶೀಲನೆ ಕೇಳುವ ಅವಕಾಶ ಕೊಟ್ಟರು. ಕೇಳಿದರೆ ರೆಫ್ರಿ ಮೈದಾನದ ಬದಿಯ ಟಿವಿಯಲ್ಲಿ ತಾನೇ ನೋಡುತ್ತಾರೆ. ಕ್ರಿಕೆಟಿನ ಡಿಆರ್‌ಎಸ್ ನೋಡಿದವರಿಗೆ ಇದು ಹೊಸತಲ್ಲ. ನಾಲ್ಕು ಕೆಮರಾ ಇದ್ದರೂ ಸಾಗುವ ವ್ಯವಸ್ಥೆ ಇದು. ನಮ್ಮಂತಹ ಬಡ ಲೀಗಿಗೆ ಇದು ಹೊಂದುತ್ತದೆ.

ಆದರೆ ನಮ್ಮ ಊರಿಗೆ ಫುಟ್ಬಾಲಿಗಿಂತ ಹತ್ತಿರದ ಪಾಠ ಕಬಡ್ಡಿಯದ್ದು. 2023ರ ಅಕ್ಟೋಬರ್ 7, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ಫೈನಲ್. ಭಾರತ 28, ಇರಾನ್ 28. ಇನ್ನು ಒಂದು ನಿಮಿಷದಷ್ಟೇ ಬಾಕಿ. ರೈಡಿಗೆ ಹೋದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟುವ ಮೊದಲೇ ಲಾಬಿಗೆ ಕಾಲಿಟ್ಟರು, ಹಿಡಿಯಲು ಬಂದ ಇರಾನಿನವರೂ ಹಿಂದೆಯೇ ಲಾಬಿಗೆ ಬಂದರು. ಹಳೆಯ ನಿಯಮದಂತೆ ಹಿಂಬಾಲಿಸಿದ ರಕ್ಷಕರೂ ಔಟು. ಪ್ರೊ ಕಬಡ್ಡಿಯಲ್ಲಿ ರೂಢಿಯಾದ ಹೊಸ ನಿಯಮದಂತೆ ರೈಡರ್ ಮಾತ್ರ ಔಟು. ತೀರ್ಪು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಿತು. ಎರಡೂ ತಂಡದವರು ಸರದಿಯಂತೆ ಮ್ಯಾಟಿನ ಮೇಲೆ ಕುಳಿತು ಪ್ರತಿಭಟಿಸಿದರು. ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತ 33-29ರಿಂದ ಚಿನ್ನ ಗೆದ್ದಿತು. ಏಷ್ಯಾದ ದೊಡ್ಡ ಪಂದ್ಯದ ಕೊನೆಯ ನಿಮಿಷದಲ್ಲಿ, ಯಾವ ನಿಯಮದಲ್ಲಿ ಆಡುತ್ತಿದ್ದೇವೆ ಎಂಬುದೇ ಇತ್ಯರ್ಥವಾಗಿರಲಿಲ್ಲ!

ಮಕರ ತಿಂಗಳು ಕಳೆದು ಗದ್ದೆ ಒಣಗಿದ ಮೇಲೆ ನಮ್ಮಲ್ಲಿ ನಡೆಯುವ ಕಬಡ್ಡಿ, ವಾಲಿಬಾಲ್ ಪಂದ್ಯಾಟಗಳಲ್ಲೂ ಇದೇ ಕತೆ. ಒಂದು ಕ್ಲಬ್ಬಿನಲ್ಲಿ ಲಾಬಿಗೆ ಹಳೆಯ ನಿಯಮ, ಇನ್ನೊಂದರಲ್ಲಿ ಟಿವಿಯಲ್ಲಿ ಕಂಡ ನಿಯಮ. ಪುತ್ತೂರು, ವಿಟ್ಲದ ಕಡೆಯಿಂದ ಬಂದ ತಂಡಕ್ಕೆ ಒಂದು ಅಭ್ಯಾಸ, ಚೆರ್ವತ್ತೂರಿನ ಕಡೆಯ ತಂಡಕ್ಕೆ ಇನ್ನೊಂದು. ರೆಫ್ರಿಯಾಗಿ ನಿಲ್ಲುವವನು ಹೆಚ್ಚಾಗಿ ಹಳೆಯ ಆಟಗಾರ, ಪಕ್ಕದ ಊರಿನವನು, ಸಂಭಾವನೆ ಎಂದರೆ ಒಂದು ಶಾಲು ಮತ್ತು ರಾತ್ರಿಯ ಊಟ. ಗೆದ್ದವರು ಅವನನ್ನು ಮರೆಯುತ್ತಾರೆ, ಸೋತವರು ವರ್ಷಗಟ್ಟಲೆ ನೆನಪಿಡುತ್ತಾರೆ. ಮರುದಿನ ಅದೇ ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕುಳಿತು ಬದಿಯಡ್ಕಕ್ಕೆ ಹೋಗಬೇಕಾದವನು ಅವನು. ಹೀಗಿರುವಾಗ ಶಿಳ್ಳೆ ಹಿಡಿಯಲು ಯುವಕರು ಮುಂದೆ ಬರುವುದಿಲ್ಲ ಎಂದರೆ ತಪ್ಪು ಯಾರದ್ದು?

ಶಾಲಾ ಕಲೋತ್ಸವವನ್ನೇ ನೋಡಿ. ಯಕ್ಷಗಾನವೋ ಭರತನಾಟ್ಯವೋ, ಜಿಲ್ಲೆಯಲ್ಲಿ ಎರಡನೆಯವರಾದವರು ಶುಲ್ಕ ಕಟ್ಟಿ ಅಪ್ಪೀಲ್ ಹೋಗಬಹುದು. ಒಪ್ಪಿದರೆ ರಾಜ್ಯಮಟ್ಟಕ್ಕೂ ಹೋಗಬಹುದು. 2019ರಲ್ಲಿ ಕಾಞಂಗಾಡಿನಲ್ಲಿ ರಾಜ್ಯ ಕಲೋತ್ಸವ ನಡೆದಾಗ ಜಿಲ್ಲೆಯ ಜನ ಈ ಅಪ್ಪೀಲಿನ ಗೌಜಿಯನ್ನು ಹತ್ತಿರದಿಂದ ಕಂಡಿದ್ದಾರೆ. ಅದರಲ್ಲೂ ಹುಳುಕು ಇಲ್ಲವೆಂದಲ್ಲ, ದುಡ್ಡಿದ್ದವರಿಗೇ ಅಪ್ಪೀಲ್ ಎಂಬ ಗೊಣಗಾಟ ಹಳೆಯದು. ಆದರೂ ಸೋತ ಮಗುವಿನ ಹೆತ್ತವರಿಗೆ ಕೇಳಲು ಒಂದು ಕಿಟಿಕಿ ಇದೆ, ಅರ್ಜಿ ಕೊಡಲು ಒಂದು ಗಂಟೆ ಸಮಯವಾದರೂ ಇದೆ. ಕಂಠೀರವದಲ್ಲಿ ಆ ರಾತ್ರಿ ವುಕೊಮಾನೊವಿಚ್ ಎದುರು ಅಂತಹ ಕಿಟಿಕಿ ಇರಲಿಲ್ಲ. ಒಂದು ರಿವ್ಯೂ ಕೇಳುವ ಹಕ್ಕು ಇದ್ದಿದ್ದರೆ ಅವರು ಕೈಯಲ್ಲಿ ಟಿವಿಯ ಚೌಕ ಬರೆದು ತೋರಿಸುತ್ತಿದ್ದರು, ಬಾಗಿಲ ಕಡೆ ಹೋಗುತ್ತಿರಲಿಲ್ಲ.

ನಮ್ಮ ಕ್ಲಬ್ಬುಗಳಿಗೆ ಕೆಮರಾ ಕೊಳ್ಳುವ ತಾಕತ್ತಿಲ್ಲ, ಅದರ ಅಗತ್ಯವೂ ಅಷ್ಟಿಲ್ಲ. ಪಂದ್ಯಾಟದ ನೋಟೀಸು ಅಚ್ಚು ಹಾಕಿಸುವಾಗ ಬಹುಮಾನದ ಮೊತ್ತ, ಉದ್ಘಾಟಕರ ಹೆಸರು, ಪ್ರಾಯೋಜಕರ ಫೋಟೊ ಎಲ್ಲದಕ್ಕೂ ಜಾಗ ಸಿಗುತ್ತದೆ. ಲಾಬಿಗೆ ಯಾವ ನಿಯಮ, ತಕರಾರು ಇದ್ದರೆ ಕ್ಯಾಪ್ಟನ್ ಯಾರ ಹತ್ತಿರ ಹೇಳಬೇಕು, ಎಷ್ಟು ಹೊತ್ತಿನೊಳಗೆ ಹೇಳಬೇಕು ಎಂಬ ಮೂರು ಸಾಲನ್ನು ಅದರ ಕೆಳಗೆ ಕನ್ನಡದಲ್ಲೂ ಮಲಯಾಳದಲ್ಲೂ ಹಾಕಿಸಿದರೆ ಅಚ್ಚಿನ ಖರ್ಚು ಹೆಚ್ಚಾಗುವುದಿಲ್ಲ. ಸೀಸನ್ ಶುರುವಾಗಲು ಇನ್ನೂ ಸಮಯವಿದೆ, ನೋಟೀಸುಗಳು ಅಚ್ಚಿಗೆ ಹೋಗಿಲ್ಲ.