ಅಕಾಲಜಾತ ಶಿಶುಗಳೂ ತಾಯ್ತಂದೆಗಳೂ

ಮೂವತ್ತೇಳು ವಾರ ತುಂಬುವ ಮೊದಲೇ ಜನಿಸಿದ ಶಿಶುವನ್ನು ತೀವ್ರ ನಿಗಾ ಘಟಕಕ್ಕೆ ಒಯ್ದೊಡನೆ ಎಷ್ಟೋ ಆಸ್ಪತ್ರೆಗಳಲ್ಲಿ ತಾಯ್ತಂದೆಗಳ ಪಾಲಿಗೆ ಬಾಗಿಲು ಮುಚ್ಚಿಹೋಗುತ್ತದೆ. ಹಸಿಬಾಣಂತಿ ಒಂದು ಕಡೆ, ಔಷಧದ ಚೀಟಿ ಹಿಡಿದ ತಂದೆ ಮತ್ತೊಂದು ಕಡೆ. ಸೋಂಕಿನ ಭಯದಿಂದಲೇ ಈ ಕಟ್ಟುಪಾಡೆಂದು ವಾದಿಸುವವರುಂಟು. ಭಯವು ನಿಜವೇ; ಆದರೆ ಅದಕ್ಕೆ ಮದ್ದು ಕೈತೊಳೆಯುವ ನಿಷ್ಠೆಯೇ ಹೊರತು ತಾಯಿಯ ಬಹಿಷ್ಕಾರವಲ್ಲ.

ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದ್ದ ಐದು ದೇಶಗಳ ಪರೀಕ್ಷೆಯ ಫಲವು 2021ರಲ್ಲಿ ಪ್ರಕಟವಾಯಿತು. ಸ್ಥಿತಿ ಸುಧಾರಿಸುವವರೆಗೆ ಕಾಯಿಸಿದ ಶಿಶುಗಳಿಗಿಂತ, ಹುಟ್ಟಿದ ಕೆಲವೇ ಹೊತ್ತಿನಲ್ಲಿ ತಾಯಿಯ ಅಥವಾ ಆಪ್ತರ ಎದೆಗೊರಗಿಸಿದ ಶಿಶುಗಳಲ್ಲಿ ಮರಣವು ನೂರಕ್ಕೆ 25ರಷ್ಟು ಕಡಿಮೆಯಾಗಿತ್ತು. ಸೋಂಕಿನ ಶಂಕೆಯೂ ತಗ್ಗಿತ್ತು. ತಾಯ್ತಂದೆಗಳನ್ನು ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂಬ ಮಾರ್ಗಸೂಚಿಯನ್ನು ಕೇಂದ್ರ ಆರೋಗ್ಯ ಮಂತ್ರಾಲಯವು 2017ರಲ್ಲಿಯೇ ಹೊರಡಿಸಿತ್ತು. ಕಾಗದದ ಮೇಲಿನ ಅಪ್ಪಣೆಯಿಂದ ಕೂಸಿಗೆ ಬಿಸುಪು ದೊರೆಯದು.

ಶಿಶುವಿನ ಪಕ್ಕದಲ್ಲಿ ತಾಯಿಗೊಂದು ಮಂಚ, ಹೊತ್ತಿಗೆ ಸರಿಯಾಗಿ ಊಟ, ತಂದೆಗೂ ಒಳಪ್ರವೇಶ, ದಿನಕ್ಕೊಮ್ಮೆ ವೈದ್ಯರಿಂದ ಸರಳವಾದ ಮಾತಿನಲ್ಲಿ ನಿಜಸ್ಥಿತಿಯ ವಿವರಣೆ: ಇಷ್ಟು ಸಾಕು. ಇದು ಔದಾರ್ಯವಲ್ಲ, ಚಿಕಿತ್ಸೆಯ ಅಂಗ. ಸರ್ಕಾರದವರೂ ಆಸ್ಪತ್ರೆಗಳ ಅಧಿಕಾರಿಗಳೂ ತಡಮಾಡದೆ ಈ ಬಾಗಿಲನ್ನು ತೆರೆಯಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ.