ಕಾರ್ಡೋಬಾದ ನಕಲು ಯಾವುದು?

ಆಳಂದ, ಅಫಜಲಪುರ, ಜೇವರ್ಗಿ, ಯಾವ ಕಡೆಯ ವಿದ್ಯಾರ್ಥಿಯನ್ನಾದರೂ ಕೇಳಿ ನೋಡಿ. ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯ ಬಗ್ಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: ಸ್ಪೇನಿನ ಕಾರ್ಡೋಬಾ ಮಸೀದಿಯ ಮಾದರಿಯಲ್ಲಿ ಕಟ್ಟಿದ್ದು. ಪ್ರವಾಸಿ ಕೈಪಿಡಿಗಳಲ್ಲೂ ಅದೇ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲೂ ಅದೇ. ಒಂದು ಅಂಕ ಸಿಗುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಹೀಗೆ ಹೇಳುವವರು ಎರಡು ಕಟ್ಟಡಗಳಲ್ಲಿ ಒಂದನ್ನೂ ಸರಿಯಾಗಿ ನೋಡಿಲ್ಲ ಎಂಬುದು ನನ್ನ ತಕರಾರು.

ಕಾರ್ಡೋಬಾವನ್ನೇ ಮೊದಲು ತೆಗೆದುಕೊಳ್ಳೋಣ. 8ನೇ ಶತಮಾನದ ಕೊನೆಗೆ ಶುರುವಾದ ಆ ಮಸೀದಿಗೆ ಹಳೆಯ ರೋಮನ್ ಕಟ್ಟಡಗಳಿಂದ ತಂದ ಕಂಬಗಳು. ಅವುಗಳ ಮೇಲೆ ಒಂದರ ಮೇಲೊಂದು ಎರಡು ಸಾಲು ಕಮಾನು, ಕಮಾನಿಗೆ ಕೆಂಪು ಬಿಳಿ ಪಟ್ಟೆ, ಮೇಲೆ ಮರದ ಚಾವಣಿ. ಮುಂದೆ ಕಿತ್ತಳೆ ಗಿಡಗಳ ದೊಡ್ಡ ಅಂಗಳ. 1236ರಲ್ಲಿ ಊರು ಕ್ರೈಸ್ತ ದೊರೆಯ ಕೈಸೇರಿದ ಮೇಲೆ ಅದು ಚರ್ಚಾಯಿತು. 16ನೇ ಶತಮಾನದಲ್ಲಿ ನಟ್ಟನಡುವಿನ ಕಂಬಗಳನ್ನು ಕಿತ್ತು ಒಳಗೇ ಇನ್ನೊಂದು ಎತ್ತರದ ಚರ್ಚನ್ನು ಎಬ್ಬಿಸಿದರು. 18ನೇ ಶತಮಾನದಲ್ಲಿ ಪೆದ್ರೊ ದುಕೆ ಕೊರ್ನೆಹೊ ಎಂಬ ಶಿಲ್ಪಿ ಅಲ್ಲಿನ ಗಾಯಕರ ಪೀಠಗಳನ್ನು ಮಹಾಗನಿ ಮರದಲ್ಲಿ ಬರೋಕ್ ಶೈಲಿಯಲ್ಲಿ ಕೆತ್ತಿದ. ಬೈಬಲಿನ ಕಥೆಗಳು, ಸಂತರು, ಬಳ್ಳಿಗಳು. ಬೆರಳಗಲ ಜಾಗವನ್ನೂ ಖಾಲಿ ಬಿಡಬಾರದೆಂಬ ಹಟ ಅದರದು. ಇವತ್ತು ಕಾರ್ಡೋಬಾ ಎಂದರೆ ಇದೆಲ್ಲ ಸೇರಿದ್ದು. ನಮ್ಮ ಮಸೀದಿ ಇದರಲ್ಲಿ ಯಾವುದರ ನಕಲು?

ಕಲಬುರಗಿಯ ಮಸೀದಿಗೆ ಬನ್ನಿ. ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಶಾಹನ ಕಾಲದ್ದು, 1367ರದು. 216 ಅಡಿ ಉದ್ದ, 176 ಅಡಿ ಅಗಲ. ಇದಕ್ಕೆ ಅಂಗಳವೇ ಇಲ್ಲ! ಭಾರತದ ದೊಡ್ಡ ಮಸೀದಿಗಳಲ್ಲಿ ಇದನ್ನು ಬೇರೆಯಾಗಿಸುವುದೇ ಅದು: ಇಡೀ ನೆಲ ಚಾವಣಿಯ ಕೆಳಗಿದೆ. ಆ ಚಾವಣಿ ಮರದ್ದಲ್ಲ. 63 ಸಣ್ಣ ಗುಮ್ಮಟಗಳು, ನಾಲ್ಕು ಮೂಲೆಗೆ ನಾಲ್ಕು, ಪಶ್ಚಿಮಕ್ಕೆ ಮಿಹ್ರಾಬಿನ ಮುಂದೆ ಎಲ್ಲಕ್ಕಿಂತ ದೊಡ್ಡದೊಂದು. ಮೂರು ಬದಿಯ ಓಣಿಗಳಲ್ಲಿ ಕಮಾನುಗಳು ಅಗಲಕ್ಕೆ ಬಾಗುತ್ತವೆ. ಬಣ್ಣವಿಲ್ಲ, ಪಟ್ಟೆಯಿಲ್ಲ, ಗಾರೆ ಮೆತ್ತಿದ ಬೋಳು ಗೋಡೆಯ ಮೇಲೆ ಬೆಳಕು ಬೀಳುವುದಷ್ಟೇ ಅಲಂಕಾರ. ಏಪ್ರಿಲ್ ಬಿಸಿಲಿನಲ್ಲಿ ಹೊರಗಿನಿಂದ ಒಳಗೆ ಕಾಲಿಟ್ಟವರಿಗೆ ಈ ಚಾವಣಿಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಸಾಲುಸಾಲು ಕಮಾನುಗಳು ದೂರ ಸರಿಯುತ್ತಾ ಹೋಗುವ ನೋಟದಲ್ಲಿ ಹೋಲಿಕೆಯಿದೆ, ಒಪ್ಪುತ್ತೇನೆ. ಆದರೆ ಗೋಳಗುಮ್ಮಟವನ್ನು ರೋಮಿನ ಸಂತ ಪೀಟರ್ ಚರ್ಚಿನ ಗುಮ್ಮಟದ ಪಕ್ಕಕ್ಕಿಟ್ಟು ಅಳೆಯುತ್ತೇವಲ್ಲ, ನಕಲು ಎನ್ನುತ್ತೇವೆಯೇ?

ಕಾರ್ಡೋಬಾ ಎಂದರೆ ಪ್ರವಾಸಿಗರು ಬರುತ್ತಾರೆ, ಊರಿಗೆ ಹೆಸರು ಬರುತ್ತದೆ ಎಂಬ ವಾದ ಕೇಳಿದ್ದೇನೆ. ಬರುವ ಹೆಸರು ಯಾರದು? ಮಸೀದಿಯ ಶಾಸನದಲ್ಲಿ ಒಂದು ಹೆಸರಿದೆ: ರಫಿ, ಶಂಸನ ಮಗ, ಮನ್ಸೂರನ ಮೊಮ್ಮಗ, ಕಜ್ವೀನಿನವ. ಕಜ್ವೀನ್ ಇರುವುದು ಇರಾನಿನಲ್ಲಿ. ಆ ಕಾಲದ ಕಟ್ಟಡವೊಂದರಲ್ಲಿ ಕಟ್ಟಿದವನ ಹೆಸರು ಉಳಿಯುವುದೇ ಅಪರೂಪ. ಉಳಿದಿರುವ ಆ ಹೆಸರನ್ನು ಬಿಟ್ಟು, ಅವನು ನೋಡಿದ್ದನೆಂಬುದಕ್ಕೆ ಗುರುತೇ ಇಲ್ಲದ ಊರಿನ ಹೆಸರನ್ನು ಮಕ್ಕಳಿಗೆ ಕಲಿಸುತ್ತಿದ್ದೇವೆ. ರಫಿಯ ಜೊತೆಗೆ ಕಲ್ಲು ಹೊತ್ತವರು, ಗಾರೆ ಅರೆದವರು ನಮ್ಮ ನೆಲದವರೇ ಇದ್ದಿರಬೇಕು. ಅವರ ಹೆಸರಂತೂ ಇಲ್ಲ, ಕೈಕೆಲಸವಾದರೂ ಅವರದೆಂದು ಇರಲಿ.

ನನ್ನನ್ನು ಕಾಡುವ ಪ್ರಶ್ನೆ ಇನ್ನೊಂದು. ಇಷ್ಟು ಚೆನ್ನಾಗಿ ಒದಗಿಬಂದ ಈ ನಕ್ಷೆಯನ್ನು ದಖ್ಖನಿನವರು ಮುಂದುವರಿಸಲಿಲ್ಲ ಏಕೆ? ಎರಡು ಶತಮಾನದ ಮೇಲೆ ವಿಜಯಪುರದಲ್ಲಿ ಜಾಮಿಯಾ ಮಸೀದಿ ಕಟ್ಟಿದಾಗ ಮತ್ತೆ ತೆರೆದ ಅಂಗಳಕ್ಕೇ ಮರಳಿದರು. ಸಂಶೋಧನಾ ವಿದ್ಯಾರ್ಥಿಯೊಬ್ಬರು ವರ್ಷಗಟ್ಟಲೆ ಕೂರಬಹುದಾದ ವಿಷಯ ಇದು. ಕಾರ್ಡೋಬಾ ಎಂಬ ಸಿದ್ಧ ಉತ್ತರ ಕೈಯಲ್ಲಿರುವಾಗ ಈ ಪ್ರಶ್ನೆ ಯಾರಿಗೂ ಹುಟ್ಟುವುದಿಲ್ಲ.

ಮುಂದಿನ ಸಲ ಕಾಲೇಜಿನ ಪ್ರವಾಸದ ಬಸ್ಸು ಕೋಟೆಯ ಮುಂದೆ ನಿಂತಾಗ ಮೇಷ್ಟ್ರು ಭಾಷಣ ಮಾಡದಿರಲಿ. ಹುಡುಗ ಹುಡುಗಿಯರ ಕೈಗೆ ಅಳತೆ ಟೇಪು, ಕಾಗದ ಕೊಟ್ಟು ಒಳಗೆ ಕಳಿಸಲಿ. ಗುಮ್ಮಟ ಎಣಿಸಿ ನಕ್ಷೆ ಬರೆದು ತರಲಿ, ಶಾಸನ ಎಲ್ಲಿದೆ ಎಂದು ಹುಡುಕಲಿ.