ಜೆರಾಕ್ಸ್ ಅಂಗಡಿಯೂ ಗ್ರಂಥಸ್ವಾಮ್ಯವೂ

ಗ್ರಂಥವೊಂದರ ಕೆಲವು ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಓದುವ ವಿದ್ಯಾರ್ಥಿ ಕಳ್ಳನೇ? ನಮ್ಮಲ್ಲಿ ಅನೇಕರು ಹೌದೆಂದೇ ಭಾವಿಸಿದ್ದಾರೆ. ಅಂಥ ಪುಟಗಳನ್ನು ಕೈಗೆ ಕೊಡುವಾಗ ಅತ್ತಿತ್ತ ನೋಡುವ ಅಧ್ಯಾಪಕರೂ ಉಂಟು. ಈ ಅಂಜಿಕೆ ಅನಾವಶ್ಯಕವೆಂದು ನನ್ನ ಅಭಿಪ್ರಾಯ.

1957ರ ಗ್ರಂಥಸ್ವಾಮ್ಯ ಅಧಿನಿಯಮದ 52ನೆಯ ಸೆಕ್ಷನ್, ಯಾವ ಯಾವ ಕೃತ್ಯಗಳು ಸ್ವಾಮ್ಯಭಂಗವಲ್ಲವೆಂದು ಎಣಿಸಿ ಹೇಳುತ್ತದೆ. ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕನಾಗಲಿ ವಿದ್ಯಾರ್ಥಿಯಾಗಲಿ ಕೃತಿಯ ಪ್ರತಿ ತೆಗೆಯುವುದು ಅವುಗಳಲ್ಲೊಂದು. ಪ್ರಶ್ನೆಪತ್ರಿಕೆಯಲ್ಲಿಯೂ ಉತ್ತರದಲ್ಲಿಯೂ ಕೃತಿಯನ್ನು ಬಳಸಲು ಅಲ್ಲಿಯೇ ಅನುಮತಿಯಿದೆ. ಉತ್ತರ ತಪ್ಪಾದರೆ ಮಾತ್ರ ಯಾವ ಸೆಕ್ಷನ್ನೂ ನಮ್ಮನ್ನು ಕಾಪಾಡದು!

ಈ ಮಾತುಗಳ ಅರ್ಥ ಒರೆಗೆ ಹತ್ತಿದ್ದು ದೆಹಲಿಯಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಫೋಟೋಕಾಪಿ ಸರ್ವಿಸ್ ಎಂಬ ಸಣ್ಣ ಅಂಗಡಿಯಿತ್ತು. ಪಠ್ಯಕ್ರಮದಲ್ಲಿ ಸೂಚಿಸಿದ ಅಧ್ಯಾಯಗಳನ್ನು ನಾನಾ ಗ್ರಂಥಗಳಿಂದ ಪ್ರತಿ ತೆಗೆದು, ಒಟ್ಟಿಗೆ ಹೊಲಿದು, ವಿದ್ಯಾರ್ಥಿಗಳಿಗೆ ಮಾರುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ದೊಡ್ಡ ಪ್ರಕಾಶಕರು ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿದರು. ಲೈಸೆನ್ಸ್ ಪಡೆದು ಹಣ ತೆತ್ತೇ ಪ್ರತಿ ತೆಗೆಯಬೇಕೆಂಬುದು ಅವರ ವಾದ. ಸ್ವಾರಸ್ಯವೆಂದರೆ, ಆ ಗ್ರಂಥಗಳನ್ನು ಬರೆದ ಹಲವು ವಿದ್ವಾಂಸರೇ ವಿದ್ಯಾರ್ಥಿಗಳ ಪಕ್ಷ ವಹಿಸಿದರು. ಅಮರ್ತ್ಯ ಸೇನರೂ ಅವರಲ್ಲೊಬ್ಬರಂತೆಯೇ ದಾವೆಯನ್ನು ವಿರೋಧಿಸಿ ಪತ್ರ ಬರೆದರು.

2016ರ ಸೆಪ್ಟೆಂಬರ್ 16ರಂದು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ದಾವೆಯನ್ನು ವಜಾ ಮಾಡಿದರು. ತಾವು ಕಾನೂನು ಓದುತ್ತಿದ್ದಾಗ ವಿದ್ಯಾರ್ಥಿಗಳು ಸರದಿಯ ಮೇಲೆ ಗ್ರಂಥಾಲಯದಲ್ಲಿ ಕುಳಿತು ಪುಟಗಟ್ಟಲೆ ಕೈಯಿಂದ ನಕಲು ಮಾಡುತ್ತಿದ್ದುದನ್ನು ತೀರ್ಪಿನಲ್ಲಿ ನೆನೆದಿದ್ದಾರೆ. ಕೈಯಿಂದ ಬರೆದರೆ ಅಪರಾಧವಲ್ಲದ್ದು ಯಂತ್ರದಿಂದ ತೆಗೆದೊಡನೆ ಅಪರಾಧವಾಗುವುದು ಹೇಗೆ? ಅದೇ ಡಿಸೆಂಬರ್ 9ರಂದು ವಿಭಾಗೀಯ ಪೀಠವು, ಪುಟಗಳ ಲೆಕ್ಕ ಮುಖ್ಯವಲ್ಲ, ಬೋಧನೆಗೆ ಅಗತ್ಯವೇ ಎಂಬುದೇ ಮುಖ್ಯ ಎಂದಿತು. ಆ ಅಗತ್ಯವನ್ನು ಪರಿಶೀಲಿಸಲು ಮೊಕದ್ದಮೆಯನ್ನು ಹಿಂದಕ್ಕೆ ಕಳುಹಿಸಿತು. 2017ರ ಮಾರ್ಚಿನಲ್ಲಿ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು.

ದೆಹಲಿಯ ತೀರ್ಪು ನಮ್ಮ ರಾಜ್ಯದ ನ್ಯಾಯಾಲಯಗಳನ್ನು ಕಟ್ಟಿಹಾಕದಿರಬಹುದು. ಆದರೆ ಕಾನೂನು ಒಂದೇ. ಅದರ ಬೆಲೆ ನಮ್ಮಂಥವರಿಗೆ ಗೊತ್ತು. ನನ್ನ ತಂದೆತಾಯಿಗಳು ಕಾಲೇಜಿನ ಮೆಟ್ಟಲು ಹತ್ತಿದವರಲ್ಲ. ಮನೆಯಲ್ಲಿ ಪಂಚಾಂಗದ ಹೊರತು ಬೇರೆ ಪುಸ್ತಕವಿರಲಿಲ್ಲ. ಇತಿಹಾಸದ ಒಂದು ಇಂಗ್ಲಿಷ್ ಗ್ರಂಥದ ಬೆಲೆಯೆಂದರೆ ತಂದೆಯವರ ಮೂರು ದಿನಗಳ ಕೂಲಿ. ಅದರಲ್ಲಿ ನಮಗೆ ಬೇಕಾದದ್ದು ಒಂದೇ ಅಧ್ಯಾಯ. ಗ್ರಂಥಾಲಯದಲ್ಲಿರುವುದು ಒಂದೇ ಪ್ರತಿ; ತರಗತಿಯಲ್ಲಿರುವವರು ಅರುವತ್ತು ಮಂದಿ.

ಹಾಗೆಂದು ಕನ್ನಡದ ಕಾದಂಬರಿಯೊಂದನ್ನು ರಕ್ಷಾಪುಟದಿಂದ ಕೊನೆಯ ಪುಟದವರೆಗೆ ಪ್ರತಿ ತೆಗೆದು ಹಂಚುವುದನ್ನು ನಾನು ಒಪ್ಪಲಾರೆ. ನಮ್ಮ ಲೇಖಕರಿಗೆ ಬರುವ ಸಂಭಾವನೆಯೇ ಅಲ್ಪ. ಸಣ್ಣ ಪ್ರಕಾಶಕರು ಐನೂರು ಪ್ರತಿಗಳನ್ನು ಮಾರುವುದಕ್ಕೂ ಏದುತ್ತಾರೆ. ನೂರೈವತ್ತು ರೂಪಾಯಿಯ ಪಠ್ಯವನ್ನು ಇಬ್ಬರು ಸೇರಿಯಾದರೂ ಕೊಳ್ಳಬಹುದು. ಅಂಥ ಕಡೆ ಬೋಧನೆಯ ನೆಪ ಹೇಳುವುದು ಸಲ್ಲದು.

ಅಧ್ಯಾಪಕ ಮಹನೀಯರಲ್ಲಿ ಒಂದು ವಿನಂತಿ. ವರ್ಷಾರಂಭದಲ್ಲಿಯೇ ಯಾವ ಗ್ರಂಥದ ಯಾವ ಅಧ್ಯಾಯ ಪಾಠಕ್ಕೆ ಬೇಕೆಂಬುದನ್ನು ಬರೆದು, ರುಜು ಹಾಕಿ, ಸೂಚನಾಫಲಕದಲ್ಲಿ ಅಂಟಿಸಿದರೆ ಸಾಕು. 'ಪುಸ್ತಕ ಜೆರಾಕ್ಸ್ ಮಾಡುವುದಿಲ್ಲ' ಎನ್ನುವ ಅಂಗಡಿಯವನಿಗೆ ತೋರಿಸಲು ನಮ್ಮ ಕೈಯಲ್ಲಿ ಒಂದು ಕಾಗದವಾದರೂ ಇದ್ದೀತು.